ಅನುಮಾನ ಮೇಸ್ತ್ರಿ ಮತ್ತು ಎಂಟು ಪಿಸ್ಟನ್ನಿನ ಕಾರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡಿನ ಬೀಗ ತೆಗೆದು ಒಳಗೆ ಬಂದ ಮೇಸ್ತ್ರಿ ದೀಪ ಹಾಕುವುದಿಲ್ಲ. ನೇರ ಹೋಗಿ ಕಾರಿನ ಬಾನೆಟ್ ಮೇಲೆ ಅಂಗೈ ಇಡುತ್ತಾರೆ, ಮಗುವಿನ ಜ್ವರ ನೋಡುವವರ ಹಾಗೆ. ಬಾನೆಟ್ ತಣ್ಣಗಿದೆ. ಇರಲೇಬೇಕು. ನಿನ್ನೆ ಸಂಜೆ ಬೀಗ ಹಾಕಿದವರು ಅವರೇ, ಬೀಗದ ಕೈ ರಾತ್ರಿಯೆಲ್ಲ ಇದ್ದದ್ದು ಅವರದೇ ದಿಂಬಿನ ಕೆಳಗೆ. ಆದರೂ ಕೈ ತಿರುಗಿಸಿ, ಹಿಂಗೈಯಿಂದ ಇನ್ನೊಮ್ಮೆ ಮುಟ್ಟಿ ನೋಡುತ್ತಾರೆ.

"ಯಾರಾದರೂ ಬಂದು ಒಂದು ಸಲ ಸ್ಟಾರ್ಟ್ ಮಾಡಿ ಹೋಗಿದ್ರೆ?"

ಬೀಗದ ಕೈ ನಿಮ್ಮ ಹತ್ತಿರವೇ ಇತ್ತಲ್ಲ ಎಂದು ನಾವು ಕೇಳಿದರೆ, "ಒಂದು ನನ್ನ ಹತ್ತಿರ ಇತ್ತು. ಇನ್ನೊಂದು ಯಾರ ಹತ್ತಿರ ಇದೆಯೋ, ಯಾರು ಕಂಡೋರು?" ಎನ್ನುತ್ತಾರೆ. ಬೀಗಕ್ಕೆ ಇನ್ನೊಂದು ಕೈ ಇದೆ ಎಂದು ಈವರೆಗೆ ಯಾರೂ ಹೇಳಿದ್ದಿಲ್ಲ.

ಮುಂಜಾನೆಯೇ ಯಾಕೆ ಎಂಬುದಕ್ಕೆ ಅವರ ಹತ್ತಿರ ಉತ್ತರವಿದೆ. "ತಣ್ಣಗಿರೋ ಎಂಜಿನ್ ಸುಳ್ಳು ಹೇಳಲ್ಲ. ಬಿಸಿ ಆಯ್ತು ಅಂದ್ರೆ ಅದೂ ನಮ್ಮ ಹಾಗೇ, ಚೆನ್ನಾಗಿ ಮಾತಾಡೋದು ಕಲಿತುಬಿಡುತ್ತೆ." ಕೀಲಿ ತಿರುಗಿಸುತ್ತಾರೆ. ಎಂಟು ಸಿಲಿಂಡರುಗಳ ಹಳೆಯ ಅಮೆರಿಕನ್ ಎಂಜಿನ್ನು ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಗುಡುಗುಡು ಎಂದು ಶೆಡ್ಡಿನ ತಗಡನ್ನೆಲ್ಲ ನಡುಗಿಸುತ್ತದೆ. ಆ ಗುಡುಗಿನ ಒಳಗೆ ಇನ್ನೊಂದು ಸದ್ದು: ಟಕ್, ಟಕ್, ಟಕ್. ಬಾಗಿಲ ಹೊರಗೆ ನಿಂತು ಯಾರೋ ಸಭ್ಯತೆಯಿಂದ ತಟ್ಟುತ್ತಿರುವ ಹಾಗೆ. ಮೇಸ್ತ್ರಿ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿನ ಪಕ್ಕೆಗೆ, ಹಿಡಿಯನ್ನು ತಮ್ಮ ಕಿವಿಗೆ ಒತ್ತಿ ಕಣ್ಣು ಮುಚ್ಚುತ್ತಾರೆ. ಮುಖದಲ್ಲಿ ಸಿಟ್ಟಿಲ್ಲ, ಚಿಂತೆಯೂ ಇಲ್ಲ. ಅಡಗಿಸಿಟ್ಟರೂ ಅಡಗದ ಒಂದು ಸಂತೋಷವಿದೆ.

ಇವರನ್ನು ಬೀದಿಯವರು ಎದುರಿಗೆ ಮೇಸ್ತ್ರಿ ಎನ್ನುತ್ತಾರೆ, ಬೆನ್ನ ಹಿಂದೆ ಅನುಮಾನ ಮೇಸ್ತ್ರಿ ಎನ್ನುತ್ತಾರೆ. ಇವರಿಗೆ ಎರಡೂ ಗೊತ್ತು. "ಬೆನ್ನ ಹಿಂದೆ ಅಷ್ಟೇ ಅಂತಾರಾ, ಇನ್ನೇನಾದ್ರೂ ಅಂತಾರಾ?" ಎಂದು ಕೇಳಿ, ನಮ್ಮ ಉತ್ತರಕ್ಕಿಂತ ನಮ್ಮ ಮುಖವನ್ನೇ ಹೆಚ್ಚು ಗಮನಿಸುತ್ತಾರೆ. ಪತ್ರಿಕೆಗೆ ಬರೆಯಲು ಬಂದಿದ್ದೇವೆ ಎಂಬ ಮಾತನ್ನು ಅವರು ಈಗಲೂ ಪೂರ್ತಿ ಒಪ್ಪಿದಂತಿಲ್ಲ.

ಹುಟ್ಟುವಾಗಲೇ ಹೀಗಿರಲಿಲ್ಲವಂತೆ. ಕೆಲಸ ಕಲಿತದ್ದು ಹಳೆಯ ವಾಹನಗಳ ಹರಾಜಿನ ಅಂಗಳವೊಂದರಲ್ಲಿ. ಅಲ್ಲಿಗೆ ಬರುತ್ತಿದ್ದ ಒಂದೊಂದು ಗಾಡಿಯೂ ಒಂದೊಂದು ಕಟ್ಟುಕಥೆ. ಗೇರ್ ಬಾಕ್ಸಿನೊಳಗೆ ಮರದ ಹೊಟ್ಟು ತುಂಬಿಕೊಂಡು ಗೊರಗೊರ ಅಡಗಿಸಿಕೊಂಡ ವ್ಯಾನು, ನೀರಲ್ಲಿ ಮುಳುಗೆದ್ದು ಬಂದು ಸೀಟಿಗೆಲ್ಲ ಸುಗಂಧ ಹಚ್ಚಿಕೊಂಡ ಕಾರು, ಮೀಟರನ್ನು ಹಿಂದಕ್ಕೆ ತಿರುಗಿಸಿಕೊಂಡು ಮತ್ತೆ ಹರೆಯಕ್ಕೆ ಬಂದ ಲಾರಿ. ಇವುಗಳಿಗೆ ಅಲಂಕಾರ ಮಾಡುವುದೇ ಮೇಸ್ತ್ರಿಯ ಕೆಲಸವಾಗಿತ್ತು. ಅಲ್ಲಿಂದ ಬಿಡಿಸಿದ್ದು ಯಾಕೆ ಎಂದರೆ ಮುಗ್ಧವಾಗಿ ಹೇಳುತ್ತಾರೆ: "ಬಾಯಿ ಬಿಟ್ಟಿಲ್ಲ ನಾನು. ಕೊಳ್ಳೋರು ಬಂದಾಗ ಸುಮ್ಮನೆ ಗೇರ್ ಬಾಕ್ಸಿನ ಕಡೆ ನೋಡ್ತಾ ನಿಂತ್ಕೋತಿದ್ದೆ. ನೋಡೋದೂ ತಪ್ಪಾ?"

ಆಮೇಲೆ ಹಾಕಿಕೊಂಡದ್ದು ಈ ಶೆಡ್ಡು. ಒಂದು ಕಾಲಕ್ಕೆ ಬಾಗಿಲ ಮುಂದೆ ಕಾರುಗಳು ಸಾಲು ನಿಲ್ಲುತ್ತಿದ್ದವಂತೆ. ಈಗಿನ ಕಾರುಗಳ ಕಾಯಿಲೆಯನ್ನು ಒಂದು ಪೆಟ್ಟಿಗೆ ಸಿಕ್ಕಿಸಿ ಪರದೆಯ ಮೇಲೆ ಓದುತ್ತಾರೆ. ಮೇಸ್ತ್ರಿಯ ಕಿವಿಗೆ ಅಲ್ಲಿ ಉದ್ಯೋಗವಿಲ್ಲ. ನೀರಿನ ಪಂಪು, ಜನರೇಟರು, ಸಾಮಾನು ಹಂಚುವ ಮುದಿ ವ್ಯಾನು, ಬಂದದ್ದರಲ್ಲಿ ದಿನ ತಳ್ಳುತ್ತಾರೆ. ಶೆಡ್ಡಿನ ಮುಂಭಾಗದಲ್ಲಿ ಹೆಂಡತಿ ಹೊಲಿಗೆ ಯಂತ್ರ ಹಾಕಿಕೊಂಡಿದ್ದಾರೆ. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಜಿಪ್ ಬದಲಿಸುವುದು. ಮನೆ ನಡೆಯುತ್ತಿರುವುದು ಯಾವ ಯಂತ್ರದಿಂದ ಎಂದು ಕೇಳಿದರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬೇರೆ ವಿಷಯ ತೆಗೆಯುತ್ತಾರೆ.

ಇನ್ನೊಂದು ಕಷ್ಟವನ್ನು ಮೇಸ್ತ್ರಿ ತಾವಾಗಿ ಹೇಳುವುದಿಲ್ಲ. ಬಲಗೈಯ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ನಿಧಾನವಾಗಿ ಮರಗಟ್ಟುತ್ತಿವೆ. ಸ್ಪ್ಯಾನರ್ ಹಿಡಿದದ್ದು ಅವರಿಗೆ ತಿಳಿಯುತ್ತದೆ, ಬಿಟ್ಟದ್ದು ತಿಳಿಯುವುದಿಲ್ಲ. "ಡಾಕ್ಟರು ನರ ಅಂದ್ರು. ನಾನು ನಂಬಲಿಲ್ಲ. ಇನ್ನೊಬ್ಬರ ಹತ್ತಿರ ಹೋದೆ, ಅವರೂ ನರ ಅಂದ್ರು. ಇಬ್ಬರೂ ಮಾತಾಡಿಕೊಂಡಿರಬೇಕು." ಹೆಂಡತಿ ಯಂತ್ರ ನಿಲ್ಲಿಸದೆಯೇ ಹೇಳುತ್ತಾರೆ: "ಒಂದೆರಡು ವರ್ಷ ಅಂದಿದ್ದಾರೆ, ಆಮೇಲೆ ಆ ಕೈಯಲ್ಲಿ ಸಣ್ಣ ಕೆಲಸ ಆಗಲ್ಲವಂತೆ. ಅದನ್ನ ಹೇಳ್ರೀ, ಅರ್ಧ ಮಾತ್ರ ಹೇಳಬೇಡಿ."

ಹಾಗಾಗಿಯೇ ಆ ಮುಂಜಾನೆಯ ಟಕ್ ಟಕ್ ಸದ್ದು ಅವರಿಗೆ ಅಷ್ಟು ಇಂಪು.

ಕಾರಿನ ಒಡತಿ ಎರಡು ಬೀದಿ ಆಚೆಯವರು. ಬಹಳ ಕಾಲ ಔಷಧದ ಅಂಗಡಿ ನಡೆಸಿದ್ದರಿಂದ ಎಲ್ಲರಿಗೂ ಅವರು ಅಂಗಡಿ ಅಮ್ಮ. ಆಕೆಯ ತಂದೆ ಕೊಂಡಿದ್ದ ಕಾರು; ದೋಣಿಯಷ್ಟು ಉದ್ದ, ಹಿಂದೆ ಮೀನಿನ ಬಾಲದಂಥ ರೆಕ್ಕೆ, ತಿರುವಿನಲ್ಲಿ ಬಂದರೆ ಬೀದಿಯೇ ಪಕ್ಕಕ್ಕೆ ಸರಿಯಬೇಕು. ಆಕೆಯೇ ಓಡಿಸುತ್ತಾರೆ. ಮೇಸ್ತ್ರಿ ಈ ಕಾರಿಗೆ ಎಣ್ಣೆ ಬದಲಿಸಿದ್ದಾರೆ, ಬೆಲ್ಟು ಬದಲಿಸಿದ್ದಾರೆ, ಬ್ರೇಕು ಬಿಗಿ ಮಾಡಿದ್ದಾರೆ. ಎಂಜಿನ್ನಿನ ಒಳಗೆ ಮಾತ್ರ ಕೈ ಹಾಕಿಲ್ಲ. ಯಾರೂ ಹಾಕಿಲ್ಲ. ಕಾರ್ಖಾನೆಯಲ್ಲಿ ಮುಚ್ಚಿದ ಎಂಜಿನ್ನು ಈವರೆಗೆ ತೆರೆದೇ ಇಲ್ಲ.

"ಪಂಪು ಬಿಚ್ಚಿದೀನಿ, ಲಾರಿ ಬಿಚ್ಚಿದೀನಿ. ಅವೆಲ್ಲ ಹತ್ತು ಜನ ಕೆಡಿಸಿ ನನ್ನ ಹತ್ತಿರ ಬಂದವು. ಇದನ್ನ ಕಟ್ಟಿದೋನು ಹೇಗೆ ಬಿಟ್ಟನೋ ಹಾಗೇ ಇದೆ. ಅವನ ಕೈಗೂ ನನ್ನ ಕೈಗೂ ನಡುವೆ ಬೇರೆ ಯಾರೂ ಇಲ್ಲ," ಎನ್ನುವಾಗ ಮೇಸ್ತ್ರಿಯ ದನಿ ಇಳಿಯುತ್ತದೆ. ಪ್ರತಿ ಸಲ ಎಣ್ಣೆ ಬದಲಿಸುವಾಗಲೂ "ಒಂದು ಸಲ ಬಿಚ್ಚಿಬಿಡೋಣ ಅಮ್ಮಾ" ಎಂದು ಕೇಳುತ್ತಿದ್ದರು. "ನಾನು ಸತ್ತ ಮೇಲೆ ಬಿಚ್ಚಿ, ಈಗ ಎಣ್ಣೆ ಹಾಕಿ," ಎನ್ನುತ್ತಿದ್ದರು ಅಂಗಡಿ ಅಮ್ಮ. ಈ ಸಲ ಸದ್ದು ಶುರುವಾಯಿತು. ಮೇಸ್ತ್ರಿ ಕಿವಿಗೊಟ್ಟು, "ಒಳಗಿನ ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು," ಎಂದರು. ಆಕೆ ಒಂದೇ ಮಾತಿನಲ್ಲಿ "ಆಯ್ತು, ಇಳಿಸಿ" ಎಂದುಬಿಟ್ಟರು.

ಆ ಕ್ಷಣದಿಂದ ಮೇಸ್ತ್ರಿಗೆ ನಿದ್ದೆ ಇಲ್ಲ. "ಇಷ್ಟು ವರ್ಷ ಒಪ್ಪದೋರು ಒಂದೇ ಮಾತಿಗೆ ಹೇಗೆ ಒಪ್ಪಿದ್ರು? ಕಾರು ಮಾರೋಕೆ ಹೊರಟಿದಾರಾ? ಏನೋ ಇದೆ."

ಅನುಮಾನ ಇರಲಿ, ತಯಾರಿ ನಿಲ್ಲಲಿಲ್ಲ. ಎಂಜಿನ್ ಬಿಚ್ಚುವ ಯೋಜನೆ ಅವರ ತಲೆಯಲ್ಲಿದೆ ಎಂದುಕೊಂಡರೆ ತಪ್ಪು. ಅದು ಶೆಡ್ಡಿನ ನಡುವಿನ ಉದ್ದ ಮೇಜಿನ ಮೇಲಿದೆ. ಬಿಚ್ಚುವ ಮೊದಲೇ ಒಂದೊಂದು ಭಾಗಕ್ಕೂ ಜಾಗ ಕಾದಿರಿಸುವುದು ಮೇಸ್ತ್ರಿಯ ಪದ್ಧತಿ. ಎಂಟು ಪಿಸ್ಟನ್ನುಗಳಿಗೆ ಎಂಟು ಚೌಕ ಬಟ್ಟೆ, ಎಡಸಾಲು ಬಲಸಾಲು ಎಂದು ಎದುರುಬದುರು. ವಾಲ್ವುಗಳಿಗೆ ತೂತು ಕೊರೆದ ಹಲಗೆ. ಬೋಲ್ಟುಗಳಿಗೆ ಖಾಲಿ ಡಬ್ಬಿಗಳು, ಒಂದೊಂದರ ಮೇಲೂ ಅದರ ಜಾಗದ ಗುರುತು. ಕೆಲಸ ಮಾಡಿ ಸವೆದ ಭಾಗಗಳು ಒಂದಕ್ಕೊಂದು ಹೊಂದಿಕೊಂಡಿರುತ್ತವೆ, ಮತ್ತೆ ಕೂರಿಸುವಾಗ ತಮ್ಮ ತಮ್ಮ ಜಾಗಕ್ಕೇ ಹೋಗಬೇಕು. ಅದಲು ಬದಲಾದರೆ ಎಂಜಿನ್ನು ಓಡುತ್ತದೆ, ಆದರೆ ಒಳಗೊಳಗೇ ಜಗಳ. ಆ ಜಗಳವನ್ನು ಮೇಜಿನ ಮೇಲೆಯೇ ತಪ್ಪಿಸಬೇಕು ಎಂಬುದು ಅವರ ವಾದ.

"ನನ್ನ ಒಳ್ಳೇ ದುಪ್ಪಟಿ ಕತ್ತರಿಸಿದಾರೆ ಆ ಚೌಕಗಳಿಗೆ," ಹೆಂಡತಿ ಹೊಲಿಗೆಯಿಂದ ತಲೆ ಎತ್ತುತ್ತಾರೆ. "ತಟ್ಟೆ ಹಾಕಿ ಆಯ್ತು. ನೆಂಟರು ಯಾವಾಗ ಬರ್ತಾರೋ ಕೇಳಿ."

ಇನ್ನು ಲೇಥು. ಎಂಜಿನ್ ಬಿಚ್ಚಿದರೆ ಸಿಲಿಂಡರು ಕೊರೆದು ನಯ ಮಾಡಲು, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡವನ್ನು ಉಜ್ಜಲು ಲೇಥಿನವರು ಬೇಕು. ಒಮ್ಮೆ ಕೊರೆದ ಕಬ್ಬಿಣ ಮತ್ತೆ ಬೆಳೆಯುವುದಿಲ್ಲವಾದ್ದರಿಂದ ಇಡೀ ಯೋಜನೆಯಲ್ಲಿ ಮೇಸ್ತ್ರಿ ಇನ್ನೊಬ್ಬರನ್ನು ನಂಬಲೇಬೇಕಾದ ಜಾಗ ಇದೊಂದೇ. ಆ ಇನ್ನೊಬ್ಬರು ಅವರ ಹೆಂಡತಿಯ ತಮ್ಮ. ಒಳ್ಳೆಯ ಕೆಲಸಗಾರ, ಇನ್ನೂ ಒಳ್ಳೆಯ ಮಾತುಗಾರ.

"ಭಾವ, ಕಳೆದ ಸಲ ಒಂದು ಪಂಪಿನ ಅಳತೆ ನೀವೇ ಬೇಕಂತ ತಪ್ಪು ಕೊಟ್ಟಿರಲ್ಲ, ಅದನ್ನ ಹೇಳಿ ಇವರಿಗೆ," ಎಂದು ಆತ ಸ್ಟೂಲೆಳೆದು ಕೂರುತ್ತಾನೆ.

"ಪರೀಕ್ಷೆ ಮಾಡಿದೆ. ನೀನು ಅಳೀತೀಯೋ, ಹೇಳಿದ್ದನ್ನೇ ಕೊರೀತೀಯೋ ಅಂತ."

"ಅಳೆದೆ. ಅಳೆದು, ಭಾವನಿಗೆ ವಯಸ್ಸಾಯ್ತು ಅಂತ ಸರಿ ಮಾಡಿ ಕೊಟ್ಟೆ. ಆಮೇಲೂ ಮೂರು ದಿನ ಅದನ್ನ ಅಳೀತಾನೇ ಇದ್ದರು, ನಾನು ಸರಿ ಮಾಡಿದ್ದೇ ತಪ್ಪಿರಬಹುದು ಅಂತ!"

"ಇವನಿಗೆ ಎಂಜಿನ್ ಬಿಚ್ಚೋಕೆ ಅವಸರ," ಮೇಸ್ತ್ರಿ ನಮ್ಮ ಕಡೆ ವಾಲಿ, ಆದರೆ ಆತನಿಗೂ ಕೇಳಿಸುವ ಹಾಗೆ ಹೇಳುತ್ತಾರೆ. "ಬಿಚ್ಚಿದ್ರೆ ತಾನೇ ಇವನ ಲೇಥು ತಿರುಗೋದು."

"ನಿಮಗಿಲ್ವಾ ಅವಸರ?"

ಮೇಸ್ತ್ರಿ ಡಬ್ಬಿಗಳನ್ನು ಎಣಿಸತೊಡಗುತ್ತಾರೆ.

ಕಥೆ ತಿರುಗಿದ್ದು ಆಯಿಲ್ ಫಿಲ್ಟರಿನಿಂದ. ಬಿಚ್ಚುವ ಮುಂಚಿನ ಕಟ್ಟಕಡೆಯ ಕ್ರಮವಾಗಿ, ಕೇವಲ ಶಾಸ್ತ್ರಕ್ಕೆಂಬಂತೆ, ಮೇಸ್ತ್ರಿ ಎಂಜಿನ್ನಿನ ಎಣ್ಣೆ ಸೋಸುವ ಡಬ್ಬಿಯನ್ನು ಕತ್ತರಿಸಿ ಒಳಗಿನ ಕಾಗದವನ್ನು ಬಿಸಿಲಿಗೆ ಹಿಡಿಯುತ್ತಾರೆ. ಬೇರಿಂಗ್ ಸವೆದಿದ್ದರೆ ಅದರ ಪುಡಿ ಇಲ್ಲಿ ಮಿನುಗಬೇಕು. ಕಾಗದ ಕಪ್ಪಗಿದೆ, ಅಂಟಂಟಾಗಿದೆ. ಮಿನುಗು ಮಾತ್ರ ಇಲ್ಲ. ಮಡಿಕೆ ಮಡಿಕೆ ಬಿಡಿಸಿ ನೋಡುತ್ತಾರೆ, ಇಲ್ಲ. "ಫಿಲ್ಟರೇ ಸರಿ ಇಲ್ಲದೆ ಇರಬಹುದು," ಎಂದು ಗೊಣಗಿ ಅದನ್ನು ಮೇಜಿನ ಕೆಳಗೆ ತಳ್ಳುತ್ತಾರೆ.

ಹೆಂಡತಿ ಯಂತ್ರ ನಿಲ್ಲಿಸಿದರು. ಬೆಳಗಿನಿಂದ ನಿಲ್ಲದೆ ಓಡುತ್ತಿದ್ದ ಸೂಜಿ ನಿಂತದ್ದು ಶೆಡ್ಡಿನಲ್ಲಿ ಎಲ್ಲರಿಗೂ ಕೇಳಿಸಿತು.

"ಅಲ್ರೀ, ಊರಿನ ಮೇಲೆಲ್ಲ ಅನುಮಾನ ನಿಮಗೆ. ಡಾಕ್ಟರ ಮೇಲೆ, ನನ್ನ ತಮ್ಮನ ಮೇಲೆ, ಈ ಪೇಪರಿನವರ ಮೇಲೆ. ಆ ಸದ್ದಿನ ಮೇಲೆ ಯಾಕೆ ಬರಲಿಲ್ಲ? ಕೇಳಿದ ಕೂಡಲೇ ಬೇರಿಂಗ್ ಅಂದುಬಿಟ್ರಿ. ಮದುವೆಗೆ ಹೆಣ್ಣು ನೋಡೋಕೆ ಬಂದಾಗಲೂ ಇಷ್ಟು ಬೇಗ ಒಪ್ಪಿರಲಿಲ್ಲ ನೀವು."

"ಸುಮ್ಮನಿರಕ್ಕಾ," ಎಂದ ತಮ್ಮ. "ಸದ್ದು ಇದೆ, ಬಿಚ್ಚಬೇಕು, ಮುಗೀತು."

ಮೇಸ್ತ್ರಿ ಹೊಸ ಫಿಲ್ಟರು ಹಾಕಿ ಕಾರು ಸ್ಟಾರ್ಟ್ ಮಾಡುತ್ತಾರೆ. ಕೈಗೆ ಬಟ್ಟೆ ಸುತ್ತಿಕೊಂಡು, ಓಡುತ್ತಿರುವ ಎಂಜಿನ್ನಿನ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು, ಕೇಳಿ, ಮತ್ತೆ ಸಿಕ್ಕಿಸುತ್ತಾರೆ. ಹಾಳಾದ ಬೇರಿಂಗಿನ ಸಿಲಿಂಡರಿಗೆ ಕಿಡಿ ನಿಲ್ಲಿಸಿದರೆ ಅದರ ಮೇಲಿನ ಹೊಡೆತ ತಗ್ಗಿ ಸದ್ದು ಮೆತ್ತಗಾಗುತ್ತದೆ. ಎಂಟೂ ಮುಗಿಯಿತು. ಟಕ್ ಟಕ್ ತನ್ನ ಪಾಡಿಗೆ ತಾನಿದೆ, ಯಾರ ಹಂಗೂ ಇಲ್ಲದೆ. ಮೈದುನನನ್ನು ಸೀಟಿನಲ್ಲಿ ಕೂರಿಸಿ, ಬ್ರೇಕು ಒತ್ತಿಕೊಂಡೇ ಗೇರಿಗೆ ಹಾಕಲು ಹೇಳುತ್ತಾರೆ. ಸದ್ದು ಬದಲಾಗುತ್ತದೆ. ತೆಗೆಯಲು ಹೇಳುತ್ತಾರೆ. ಮತ್ತೆ ಮೊದಲಿನ ಹಾಗೆ. ಇನ್ನೊಮ್ಮೆ. ಈಗ ಮೇಸ್ತ್ರಿಯ ಮುಖದಲ್ಲಿ ಮುಂಜಾನೆ ಕಂಡ ಸಂತೋಷ ಇಲ್ಲ.

ಎಂಜಿನ್ ಆರಿಸಿ, ಜಾಕಿನಲ್ಲಿ ಎತ್ತಿ, ಮರದ ದಿಮ್ಮಿಗಳ ಆಸರೆ ಕೊಟ್ಟು, ರಟ್ಟು ಹಾಸಿಕೊಂಡು ಕಾರಿನಡಿ ಜಾರುತ್ತಾರೆ. ಇದು ತಾನಾಗಿಯೇ ಗೇರು ಬದಲಿಸಿಕೊಳ್ಳುವ ಕಾರು. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ, ತಿರುಗುವ ಬಲವನ್ನು ದಾಟಿಸಲು, ಒಂದು ತೆಳುವಾದ ಉಕ್ಕಿನ ತಟ್ಟೆ ಇರುತ್ತದೆ. ಅದರ ಮುಚ್ಚಳ ತೆಗೆದು, ಟಾರ್ಚು ಬಿಟ್ಟು, ಪುಟ್ಟ ಕನ್ನಡಿ ಓರೆಯಾಗಿ ಹಿಡಿಯುತ್ತಾರೆ. ತಟ್ಟೆಯ ನಡುವೆ, ಒಂದು ಬೋಲ್ಟಿನಿಂದ ಇನ್ನೊಂದಕ್ಕೆ, ತುಕ್ಕಿನ ಬಣ್ಣದ ಒಂದು ಗೆರೆ. ಸ್ಕ್ರೂ ಡ್ರೈವರಿನಲ್ಲಿ ಮೀಟಿದರೆ ಗೆರೆ ಬಾಯಿ ಬಿಡುತ್ತದೆ. ಟಕ್.

ಎಷ್ಟೋ ಹೊತ್ತು ಅವರು ಹೊರಗೆ ಬರುವುದಿಲ್ಲ. ಕಾರಿನಡಿಯಿಂದ ಎರಡು ಪಾದ ಮಾತ್ರ ಕಾಣುತ್ತವೆ.

"ತಟ್ಟೆ ಸೀಳಿದೆ," ಎಂದು ಪಾದಗಳು ಇರುವ ಕಡೆಯಿಂದ ಮಾತು ಬರುತ್ತದೆ. "ಎಂಜಿನ್ನಿಗೆ ಏನೂ ಆಗಿಲ್ಲ."

ಮೈದುನ ಕೆಳಗೆ ಬಗ್ಗಿ ನೋಡುತ್ತಾನೆ. ದನಿ ತಗ್ಗಿಸುತ್ತಾನೆ. "ಭಾವ, ಹೆಂಗಿದ್ರೂ ಆ ಅಮ್ಮ ಒಪ್ಪಿ ಆಗಿದೆ. ಎಂಜಿನ್ ಇಳಿಸಿದ್ರೆ ತಟ್ಟೆನೂ ಬದಲಾಗುತ್ತೆ, ಸದ್ದೂ ಹೋಗುತ್ತೆ. ಯಾರಿಗೆ ಗೊತ್ತಾಗುತ್ತೆ? ನನ್ನ ಲೇಥಿಗೋಸ್ಕರ ಹೇಳ್ತಿಲ್ಲ, ಬೇಕಾದ್ರೆ ಕೊರೆಯೋದೇ ಬೇಡ. ನೀವು ಬಿಚ್ಚಿ ನೋಡಿದ ಹಾಗಾಗುತ್ತೆ. ಆ ಕೈ ಇನ್ನೆಷ್ಟು ದಿನ?"

ಆತ ಈ ಮಾತನ್ನು ಪ್ರೀತಿಯಿಂದಲೇ ಹೇಳಿದ ಎಂಬುದರಲ್ಲಿ ಅನುಮಾನಕ್ಕೆ ಜಾಗವಿಲ್ಲ. ಮೇಸ್ತ್ರಿಗೂ ಬರಲಿಲ್ಲ. ಹೊರಗೆ ಜಾರಿ ಬಂದು, ಮೈ ಕೊಡವಿ, ಒಪ್ಪವಾಗಿ ಹಾಸಿದ ಆ ಎಂಟು ಚೌಕಗಳ ಮುಂದೆ ಒಂದು ಗಳಿಗೆ ನಿಂತರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಅಂಗಡಿ ಅಮ್ಮನ ಮನೆಯ ಕಡೆ ಹೊರಟರು.

ಆಕೆ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದರು. ಖುಷಿಪಡಲಿಲ್ಲ. ಕನ್ನಡಕ ತೆಗೆದು ಮೇಸ್ತ್ರಿಯನ್ನು ಮೇಲಿಂದ ಕೆಳಗೆ ನೋಡಿದರು.

"ಇಷ್ಟು ವರ್ಷ ಬಿಚ್ಚೋಣ ಬಿಚ್ಚೋಣ ಅಂದೋರು ನೀವು. ಈಗ ಒಪ್ಪಿದ ಮೇಲೆ ಬೇಡ ಅಂತೀರಾ? ಅಂಗಡಿಯಲ್ಲಿ ಕೂತು ಎಷ್ಟು ಜನರನ್ನ ನೋಡಿದೀನಿ ಮೇಸ್ತ್ರಿ. 'ಏನೂ ಇಲ್ಲ, ಚಿಕ್ಕ ತೊಂದರೆ' ಅಂತ ಡಾಕ್ಟರು ರೋಗಿಯ ಮನೆಯೋರಿಗೆ ಹೇಳೋದು ಕೈ ಮೀರಿದಾಗಲೇ. ಎಂಜಿನ್ ಪೂರ್ತಿ ಹೋಗಿದ್ಯಾ? ನಿಜ ಹೇಳಿ."

"ನಿಜಾನೇ ಹೇಳ್ತಿದೀನಿ ಅಮ್ಮಾ."

"ಅದನ್ನೂ ಡಾಕ್ಟರು ಹೀಗೇ ಹೇಳ್ತಾರೆ."

ಜೀವಮಾನವಿಡೀ ಯಾರ ಮಾತನ್ನೂ ನಂಬದ ಮನುಷ್ಯನಿಗೆ, ತನ್ನ ಮಾತನ್ನು ಬೇರೆಯವರು ನಂಬದಿದ್ದರೆ ಏನಾಗುತ್ತದೆ ಎಂಬುದು ಅಂದು ಮೊದಲ ಸಲ ತಿಳಿದಂತಿತ್ತು. ಕೊನೆಗೆ, "ಬಂದು ನೋಡಿಬಿಡಿ," ಎಂದರು. ಆಕೆ ಬಂದರು. ರಟ್ಟಿನ ಮೇಲೆ ಮಲಗಿ, ಮೈದುನ ಹಿಡಿದ ಟಾರ್ಚಿನ ಬೆಳಕಿನಲ್ಲಿ, ಕನ್ನಡಿಯೊಳಗೆ ಆ ಗೆರೆಯನ್ನು ಕಂಡರು. ತಾವೇ ಸ್ಕ್ರೂ ಡ್ರೈವರು ಇಸಿದುಕೊಂಡು ಮೀಟಿ ನೋಡಿದರು. ಟಕ್ ಎಂದಿತು. ಇನ್ನೊಮ್ಮೆ ಮೀಟಿದರು. ಮೇಸ್ತ್ರಿಯ ಹೆಂಡತಿ ಕೈ ಕೊಟ್ಟು ಎಬ್ಬಿಸಿದಾಗ ಆಕೆಯ ಕಣ್ಣು ಮೇಜಿನ ಮೇಲೆ ಹೋಯಿತು: ಚೌಕಗಳು, ತೂತಿನ ಹಲಗೆ, ಗುರುತು ಹಾಕಿದ ಡಬ್ಬಿಗಳು.

"ಇದೆಲ್ಲ ನನ್ನ ಕಾರಿಗಾ?"

ಮೇಸ್ತ್ರಿಯ ಹೆಂಡತಿ ಹೌದೆಂದು ತಲೆಯಾಡಿಸಿದರು.

"ನಾನು ಒಂದೇ ಮಾತಿಗೆ ಯಾಕೆ ಒಪ್ಪಿದೆ ಅಂತ ತಲೆ ಕೆಡಿಸ್ಕೊಂಡಿದ್ದೀರಂತೆ," ಆಕೆ ಬಟ್ಟೆಯ ಧೂಳು ಕೊಡವಿಕೊಂಡರು. "ಹೋದ ಸಲ ಎಣ್ಣೆ ಹಾಕುವಾಗ ನಿಮ್ಮ ಕೈಯಿಂದ ಸ್ಪ್ಯಾನರ್ ಬಿತ್ತು. ಬಿದ್ದದ್ದು ನಿಮಗೆ ಗೊತ್ತಾಗಲಿಲ್ಲ, ಇನ್ನೂ ಹಿಡಿದಿದೀನಿ ಅಂತಾನೇ ತಿರುಗಿಸೋಕೆ ಹೋದ್ರಿ. ನಾನು ನೋಡಿದೆ. ಇನ್ನು ಈ ಎಂಜಿನ್ ಯಾರಾದ್ರೂ ಬಿಚ್ಚೋದೇ ಆದ್ರೆ ನೀವೇ ಬಿಚ್ಚಬೇಕು, ಬೇಗ ಬಿಚ್ಚಬೇಕು ಅನ್ನಿಸ್ತು. ಅಷ್ಟೇ. ಬೇರೆ ಏನೂ ಇರಲಿಲ್ಲ." ಮೇಜಿನ ಕಡೆ ಕೈ ತೋರಿಸಿ, "ಈಗಲೂ ಬೇಕಾದ್ರೆ ಬಿಚ್ಚಿ. ನಾನು ಬೇಡ ಅನ್ನಲ್ಲ," ಎಂದರು.

ಮೈದುನ ಅಕ್ಕನ ಮುಖ ನೋಡಿದ. ಅಕ್ಕ ಗಂಡನ ಮುಖ ನೋಡಿದರು. ಮೇಸ್ತ್ರಿ ಬಲಗೈಯನ್ನು ಜೇಬಿಗೆ ಇಳಿಬಿಟ್ಟು ನಿಂತಿದ್ದರು.

"ಅಲ್ಲಮ್ಮಾ, ಚೆನ್ನಾಗಿರೋರನ್ನ ಹಿಡಿದು ಯಾರಾದ್ರೂ ಹೊಟ್ಟೆ ಕೊಯ್ತಾರಾ?" ಎಂದರು. "ಇದನ್ನ ಕಟ್ಟಿದೋನು ಒಳಗೆ ಎಲ್ಲ ಸರಿಯಾಗಿ ಕೂರಿಸಿ ಹೋಗಿದಾನೆ. ಅವನ ಮೇಲೆ ಅನುಮಾನ ಪಡೋಕೆ ನನಗೆ ಕಾರಣ ಇಲ್ಲ."

ಅವರ ಬಾಯಲ್ಲಿ ಇಂಥ ಮಾತು ಬಂದದ್ದನ್ನು ಹೆಂಡತಿ ಅದುವರೆಗೆ ಎಂದೂ ಕೇಳಿರಲಿಲ್ಲವಂತೆ.

ಸೀಳಿದ ತಟ್ಟೆಗೆ ಬದಲಿ ತಟ್ಟೆಯನ್ನು ಮೈದುನ ಗುಜರಿಯಲ್ಲಿ ನಾಲ್ಕಾರು ದಿನ ತಡಕಾಡಿ ಹುಡುಕಿ ತಂದ. ಮೇಸ್ತ್ರಿ ಅದನ್ನು ಹೊಸ್ತಿಲಲ್ಲೇ ತಡೆದರು. ನೇತುಹಾಕಿ ಸುತ್ತಿಗೆಯಿಂದ ತಟ್ಟಿ ಅದರ ನಾದ ಕೇಳಿದರು. ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಮೇಲೆಲ್ಲ ಸೀಮೆಸುಣ್ಣ ಬಳಿದರು. ಕಣ್ಣಿಗೆ ಕಾಣದ ಸೀಳು ಇದ್ದರೆ ಅದರೊಳಗಿನ ಎಣ್ಣೆ ಜಿನುಗಿ ಸುಣ್ಣದ ಮೇಲೆ ಗೆರೆ ಮೂಡುತ್ತದೆ. ಮೂಡಲಿಲ್ಲ. "ಸುಣ್ಣಾನೇ ಸರಿ ಇಲ್ವೇನೋ ಭಾವ," ಎಂದು ಮೈದುನ ಕಾಲೆಳೆದ. ಮೇಸ್ತ್ರಿ ನಗದೆ ಇನ್ನೊಂದು ತುಂಡು ತಂದು ಮತ್ತೆ ಬಳಿದರು. ಗೇರ್ ಬಾಕ್ಸನ್ನು ಹಿಂದಕ್ಕೆ ಸರಿಸಿ ತಟ್ಟೆ ಕೂರಿಸುವಾಗ ಬೋಲ್ಟುಗಳನ್ನು ಎಡಗೈಯಲ್ಲಿ ಹಿಡಿದು ಕೊಟ್ಟವರು ಅವರು, ಬಿಗಿಮಾಡಿದವನು ಆತ. ಪ್ರತಿಯೊಂದನ್ನೂ ಅವರು ಮತ್ತೆ ಪರೀಕ್ಷಿಸಿದರು ಎಂದು ಬೇರೆ ಹೇಳಬೇಕಿಲ್ಲ.

ಈಗ ಕಾರು ಓಡುತ್ತಿದೆ. ಗುಡುಗು ಇದೆ, ಟಕ್ ಟಕ್ ಇಲ್ಲ. ಅಂಗಡಿ ಅಮ್ಮ ಬೀದಿಯ ಕೊನೆಯವರೆಗೆ ಹೋಗಿ ತಿರುಗಿಸಿಕೊಂಡು, ಶೆಡ್ಡಿನ ಮುಂದೆ ನಿಲ್ಲಿಸದೆ, ಹಾರ್ನ್ ಮಾತ್ರ ಒತ್ತಿ ಹೋದರು. ಮೇಜಿನ ಮೇಲೆ ಯಾರದೋ ನೀರಿನ ಪಂಪು ಬಂದು ಕೂತಿದೆ. ಅದನ್ನು ತಂದವನು ಹೇಳಿದ ಕಾಯಿಲೆಯನ್ನು ಮೇಸ್ತ್ರಿ ನಂಬಿಲ್ಲ.

ಇನ್ನೇನಾದರೂ ಆಸೆ ಉಂಟೇ ಎಂದು ಹೊರಡುವ ಮೊದಲು ಕೇಳಿದೆವು. ಇದನ್ನು ಯಾರು ಕೇಳಲು ಹೇಳಿಕೊಟ್ಟರು ಎಂಬಂತೆ ಮೇಸ್ತ್ರಿ ಹುಬ್ಬು ಗಂಟಿಕ್ಕಿದರು. ಕಾರು ಹೋದ ದಿಕ್ಕಿಗೆ ಕಿವಿ ಕೊಟ್ಟು, ಸದ್ದು ಪೂರ್ತಿ ಅಳಿಯುವವರೆಗೂ ಕಾದರು.

"ಅದು ಕೆಡಲಿ ಅಂತ ನಾನು ಹೇಳಲ್ಲ, ಹಾಗಂತ ಬರೀಬೇಡಿ," ಎಂದರು. "ಕೆಟ್ಟರೆ ಮಾತ್ರ, ನನ್ನ ಕೈ ಇರೋವಾಗಲೇ ಕೆಡಲಿ."